ಕೊನೆಯ ಪುಟದಿಂದ ಶುರುವಾಗುತ್ತಿದ್ದ ಚಿತ್ರಕಥೆಗಳು

ಈಚೆಗೆ ನನ್ನ ತಮ್ಮನ ಮೊಮ್ಮಗಳು ಸಿಂಚನ ಒಂದು ಶಾಲೆಯ ಲೈಬ್ರರಿಗೆ ಕೆಲಸಕ್ಕೆ ಸೇರಿದಳು. ಸೇರಿದ ವಾರವೇ ನನ್ನ ಹತ್ತಿರ ಬಂದು, "ಅಜ್ಜಿ, ಮಕ್ಕಳು ಬರೀ ಕಾಮಿಕ್ಸ್ ಕೇಳ್ತಾವೆ. ಯಾರಿಗೆ ಯಾವ್ದು ಕೊಡಬೇಕು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ಜೊತೆಗೆ ಜಪಾನಿನದೊಂದು ಚಿತ್ರಕಥೆಯನ್ನೂ ತಂದಿದ್ದಳು. ಮಾಂಗಾ ಅಂತೆ. ನಾನು ಅದನ್ನು ತೆರೆಯಲು ಹೋದರೆ ಕೈ ಹಿಡಿದುಕೊಂಡು, "ಹಂಗಲ್ಲ ಅಜ್ಜಿ, ಇದನ್ನ ಬಲಗಡೆಯಿಂದ ಓದ್ಬೇಕು. ನಿಮಗೆ ಇದೆಲ್ಲಾ ಹೊಸದು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕವನ್ನು ಬಲಗಡೆಯಿಂದ ಓದಬೇಕೋ ಎಡಗಡೆಯಿಂದ ಓದಬೇಕೋ ಎಂಬ ಗಲಾಟೆಯಲ್ಲಿ ನನ್ನ ನೌಕರಿಯೇ ಹೋಗುವುದರಲ್ಲಿತ್ತು. ಆಗ ಇವಳ ಅಪ್ಪ ಇನ್ನೂ ಹುಟ್ಟಿರಲಿಲ್ಲ. ಬಾಯಲ್ಲಿ ಹೇಳಿದರೆ ಫೋನು ನೋಡಿಕೊಂಡು ಹೂಂಗುಟ್ಟುತ್ತಾಳೆ, ಅದಕ್ಕೇ ಬರೆದಿಡುತ್ತಿದ್ದೇನೆ. ಓದಿದರೆ ಓದಲಿ. ನನಗೆ ಯಾವಾಗ ಸಂಬಳ ಏರಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡ ಮಗಳೇ, ಅದರಲ್ಲಿ ತಿಳಿಯುವಂಥದ್ದೇನೂ ಇಲ್ಲ.

ನಾನು ಕೆಲಸಕ್ಕೆ ಸೇರಿದ್ದು ದಾವಣಗೆರೆಯಲ್ಲಿ ವ್ಯಾಪಾರಸ್ಥರ ಒಂದು ಸಮಿತಿ ನಡೆಸುತ್ತಿದ್ದ ವಾಚನಾಲಯಕ್ಕೆ. ಎಪ್ಪತ್ತರ ದಶಕದ ಕೊನೆಯ ಮಾತು. ಮುಂದಿನ ದೊಡ್ಡ ಕೋಣೆಯಲ್ಲಿ ಗಂಡಸರು ಪೇಪರ್ ಓದುತ್ತ, ಪೇಪರಿಗಿಂತ ಜೋರಾಗಿ ತಾವೇ ಸುದ್ದಿ ಹೇಳುತ್ತ ಕೂರುತ್ತಿದ್ದರು. ಹಿಂದಿನ ಕೋಣೆ ನನ್ನದು. ಬಾಗಿಲ ಮೇಲೆ 'ಬಾಲ ಮತ್ತು ಮಹಿಳಾ ವಿಭಾಗ' ಎಂಬ ಬೋರ್ಡು. ಅಲ್ಲಿ ಇದ್ದದ್ದೆಲ್ಲ ಚಿತ್ರಕಥೆಗಳು, ತಿಂಗಳಿಗೊಂದು ಸಂಚಿಕೆಯಾಗಿ ಬರುತ್ತಿದ್ದ ರಾಜ, ರಾಕ್ಷಸ, ಪತ್ತೇದಾರಿ, ಕಾಡುಮನುಷ್ಯರ ಕಥೆಗಳು. ಈ ವಿಭಾಗಕ್ಕೆ ಸರ್ಕಾರದಿಂದ ಬರುತ್ತಿದ್ದ ಅನುದಾನದಲ್ಲಿಯೇ ನನ್ನ ಸಂಬಳ. ನಮ್ಮಪ್ಪ ತೀರಿಕೊಂಡಿದ್ದರು. ಅವ್ವ, ಐ.ಟಿ.ಐ. ಓದುತ್ತಿದ್ದ ತಮ್ಮ, ಇಬ್ಬರೂ ಆ ಸಂಬಳದ ಮೇಲಿದ್ದರು. ಹಿಂದಿನ ಕೋಣೆ ಇದ್ದರೆ ನಮ್ಮ ಮನೆ ಉಂಟು, ಇಲ್ಲದಿದ್ದರೆ ಇಲ್ಲ, ಲೆಕ್ಕ ಅಷ್ಟೇ ಇತ್ತು.

ಮೊದಲ ಪಾಠ ಕೇಳು. ಚಿತ್ರಕಥೆ ಕೇಳಲು ಬಂದವರನ್ನು 'ಯಾರಿಗೆ?' ಎಂದು ಕೇಳಬಾರದು. ಕೇಳಿದರೆ ಸುಳ್ಳು ಹೇಳುತ್ತಾರೆ, ಆಮೇಲೆ ಆ ಸುಳ್ಳನ್ನು ಸಾಕುವ ಕೆಲಸ ಅವರಿಗೂ ನಮಗೂ ಸೇರಿ ಬರುತ್ತದೆ. ಎಂ.ಸಿ.ಸಿ. ಬಡಾವಣೆಯಿಂದ ಒಬ್ಬ ಹೆಣ್ಣುಮಗಳು ಬಂದು ಪತ್ತೇದಾರಿ ಚಿತ್ರಕಥೆ ಕೇಳಿದಳು. ನಾನು ಹೊಸಬಳು, ಯಾರಿಗೆ ಎಂದೆ. "ನನ್ನ ಮಗನಿಗೆ" ಎಂದಳು. ಮಗನ ವಯಸ್ಸೆಷ್ಟು ಎಂದರೆ ಸುಮ್ಮನೆ ತನ್ನ ಹೊಟ್ಟೆಯ ಕಡೆ ನೋಡಿಕೊಂಡಳು. ಏಳು ತಿಂಗಳೋ ಎಂಟೋ ಇದ್ದೀತು. ಹೆರಿಗೆಗೆ ಹೋಗುವವರೆಗೆ ಆ ಮಗ ನಮ್ಮಲ್ಲಿದ್ದ ಕೊಲೆಗಳನ್ನೆಲ್ಲ ಓದಿ ಮುಗಿಸಿದ. ಬಾಣಂತನ ಮುಗಿಸಿ ಬಂದಾಗ ನೋಡಿದರೆ ಹೆಣ್ಣುಮಗು. ಇನ್ನು ಮುಂದೆ ಮಗಳ ಹೆಸರು ಹೇಳುತ್ತೇನೆ ಎಂದು ನಾಚಿಕೆಯಿಲ್ಲದೆ ಹೇಳಿ ಪುಸ್ತಕ ತೆಗೆದುಕೊಂಡು ಹೋದಳು.

ಹನುಮಂತಪ್ಪ ಇನ್ನೊಬ್ಬ. ಹತ್ತಿಗಿರಣಿಯಲ್ಲಿ ಮಗ್ಗದ ಖಾತೆಯ ಕೆಲಸಗಾರ, ಇಷ್ಟು ದಪ್ಪ ಮೀಸೆ, ಕೂದಲಲ್ಲಿ ಯಾವಾಗಲೂ ಹತ್ತಿಯ ಎಳೆ. ಪಾಳಿ ಮುಗಿಸಿ ಸೀದಾ ನನ್ನ ಕೋಣೆಗೆ ಬಂದು, ಮಕ್ಕಳಿಗೆಂದು ಹಾಕಿಸಿದ್ದ ಮೋಟು ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂರುತ್ತಿದ್ದ. "ಮಗಳಿಗೆ ಯಾವ್ದು ಚೆನ್ನಾಗೈತೆ ಅಂತ ನೋಡ್ತೀನ್ರಿ ಅಕ್ಕಾರ" ಎನ್ನುತ್ತಿದ್ದ. ಮಗಳು ಮದುವೆಯಾಗಿ ನಂದಿಗುಡಿಯಲ್ಲಿ ಎರಡು ಮಕ್ಕಳ ತಾಯಿಯಾಗಿದ್ದಳು. ಆದರೂ ನೋಡುತ್ತಲೇ ಇದ್ದ.

ಯಾರಿಗೆ ಏನು ಕೊಡಬೇಕು ಎಂಬುದನ್ನು ನಾನು ಅವರ ಬಾಯಿಂದಲ್ಲ, ಕೈಯಿಂದ ಕಲಿತೆ. ಪುಸ್ತಕ ಕೈಗೆ ಕೊಟ್ಟಾಗ ಪಟಪಟನೆ ಹಾಳೆ ಹಾರಿಸುವವರಿಗೆ ಹೊಡೆದಾಟ ಬೇಕು. ಒಂದೇ ಚಿತ್ರದ ಮೇಲೆ ಬೆರಳಿಟ್ಟುಕೊಂಡು ನಿಲ್ಲುವವರಿಗೆ ಮನುಷ್ಯರು ಬೇಕು, ಅಪ್ಪ, ಮಗ, ಅಣ್ಣ, ತಂಗಿ ಇರುವಂಥದ್ದು. ಮುಟ್ಟುವುದಕ್ಕೇ ಹಿಂದೆಮುಂದೆ ನೋಡುವವರಿಗೆ ನಮ್ಮಲ್ಲಿರುವುದರಲ್ಲೇ ಒಳ್ಳೆಯದನ್ನು ಕೊಡಬೇಕು. ಅವರು ಇನ್ನೊಂದು ಸಲ ಬರುವುದು ಅನುಮಾನ.

ಇನ್ನು ಮೇಲಿನವರ ವಿಷಯ. ಸಮಿತಿಯ ಅಧ್ಯಕ್ಷರು ಮುರಿಗೆಪ್ಪನವರು, ಹತ್ತಿಯ ದಲಾಲಿ. ಪುಸ್ತಕವನ್ನು ಅವರು ತೆರೆಯುತ್ತಿರಲಿಲ್ಲ, ಅಂಗೈಯಲ್ಲಿಟ್ಟು ತೂಗುತ್ತಿದ್ದರು. ಹಗುರವಿದ್ದರೆ ಬೆಲೆ ಜಾಸ್ತಿ ಹಾಕಿದ್ದಾರೆ ಎನ್ನುತ್ತಿದ್ದರು. ಚಿತ್ರಕಥೆ ಎಂದರಂತೂ ಮೂಗು ಮುರಿಯುತ್ತಿದ್ದರು. "ಅಕ್ಷರ ಬರದೋರಿಗೆ ಪಟ, ಅಕ್ಷರ ಬರೋರಿಗೆ ಪುಸ್ತಕ. ಎರಡೂ ಒಂದರಾಗ ಯಾಕ ಬೇಕ್ರಿ?" ಎಂದು ಸಭೆಯಲ್ಲಿ ಕೇಳಿದವರು ಅವರು.

ಅವರ ತಂದೆ ಬಕ್ಕಪ್ಪನವರು ಆ ವರ್ಷ ತೀರಿಕೊಂಡಿದ್ದರು. ಪೇಟೆಗೆಲ್ಲ ಗೊತ್ತಿದ್ದ ಸಂಗತಿ ಏನೆಂದರೆ ಅಪ್ಪ ಮಗ ಮಾತು ಬಿಟ್ಟು ಬಹಳ ದಿನವಾಗಿತ್ತು. ಮಗ ಅಂಗಡಿ ಬೇರೆ ಮಾಡಿಕೊಂಡ ಸಿಟ್ಟಿಗೆ ಮುದುಕರು ಹರಿಹರಕ್ಕೆ ಹೋಗಿ ಮಗಳ ಮನೆಯಲ್ಲಿ ಉಳಿದುಬಿಟ್ಟರು. ಜೀವ ಹೋಗುವಾಗ ಮಗ ದಾವಣಗೆರೆಯಲ್ಲಿ ಅಂಗಡಿಯ ಗಾದಿಯ ಮೇಲಿದ್ದರು. ಹೆಚ್ಚು ದೂರವೇನಲ್ಲ, ಬಸ್ಸು ಹತ್ತಿದರೆ ಹೋಗಿಬಿಡಬಹುದಿತ್ತು. ಹೋಗಿರಲಿಲ್ಲ. ಸತ್ತ ಮೇಲೆ ಮಾತ್ರ ತಂದೆಯ ಹೆಸರಿನಲ್ಲಿ ಅರವಟಿಗೆ, ಕಲ್ಲುಬೆಂಚು, ಗಡಿಯಾರ ಎಂದು ಶುರುಮಾಡಿದರು. ಕೊನೆಗೆ ನಮ್ಮ ಚಿತ್ರಕಥೆಗಳ ಮೇಲೂ ಆ ಪ್ರೀತಿ ಬಂತು.

ಪಿನ್ನು ಕಿತ್ತು, ಮೂಲೆ ಮಡಚಿ, ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯ ಎಣ್ಣೆ ಹತ್ತಿ ಆ ಸಂಚಿಕೆಗಳು ಚಿಂದಿಯಾಗಿದ್ದವು. ಒಂದೊಂದು ಧಾರಾವಾಹಿಯ ಸಂಚಿಕೆಗಳನ್ನೆಲ್ಲ ಸೇರಿಸಿ ದಪ್ಪ ಪುಸ್ತಕವಾಗಿ ಕಟ್ಟಿಸೋಣ, ಖರ್ಚು ನನ್ನದು, ಮೇಲೆ ನಮ್ಮ ತಂದೆಯವರ ಫೋಟೋ ಇರಲಿ ಎಂದರು ಅಧ್ಯಕ್ಷರು. ದಪ್ಪ ಎಂಬ ಮಾತಿಗೆ ಅವರ ಮುಖವೂ ಅರಳಿತು. ನಾನು ಸಂತೋಷವಾಗಿ ಒಪ್ಪಿದೆ. ಹರಿಹರದ ಬೈಂಡರ್ ಖಲೀಲ್ ಸಾಹೇಬರಿಗೆ ಗಂಟು ಕಟ್ಟಿ ಬಸ್ಸಿನ ಟಾಪಿಗೆ ಹಾಕಿ ಕಳಿಸಿದೆವು.

ಖಲೀಲ್ ಸಾಹೇಬರ ಕೆಲಸ ಗಟ್ಟಿ. ಉರ್ದು ಶಾಲೆಯ ಪುಸ್ತಕಗಳೆಲ್ಲ ಅವರ ಕೈಯಲ್ಲೇ ಕಟ್ಟಿಸಿಕೊಂಡಂಥವು. ಆದರೆ ಗಂಟು ಬಸ್ಸಿನ ಟಾಪಿನಿಂದ ಇಳಿಸುವಾಗ ಬಿಚ್ಚಿಹೋಗಿ, ಹಾಳೆಗಳೆಲ್ಲ ಬಸ್ ಸ್ಟ್ಯಾಂಡಿನ ತುಂಬ ಹಾರಿದವಂತೆ. ಪುಟದ ನಂಬರು ಇದ್ದ ಮೂಲೆಗಳು ಮೊದಲೇ ಹರಿದಿದ್ದವು. ಅವರ ಹೆಂಡತಿ ಬಿಬಿಜಾನಮ್ಮ ನೆಲದ ಮೇಲೆ ಹಾಳೆ ಹರಡಿಕೊಂಡು, ಚಿತ್ರ ನೋಡಿ ನೋಡಿ, ಯಾವುದರ ಮುಂದೆ ಯಾವುದು ಎಂದು ಹೊಂದಿಸಿದರು. ಒಂದು ಹಾಳೆಯೂ ತಪ್ಪಲಿಲ್ಲ. ಆದರೆ ಆಕೆ ಓದಿದ್ದು ಉರ್ದು. ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ. ಹಾಗಾಗಿ ಕಥೆಯ ಮೊದಲ ಪುಟ ಬಲಗಡೆಯ ರಟ್ಟಿನ ಕೆಳಗೆ ಕೂತಿತು. ಖಲೀಲ್ ಸಾಹೇಬರು ಹಾಗೇ ಹೊಲಿದು, ಕ್ಯಾಲಿಕೋ ಬಟ್ಟೆ ಅಂಟಿಸಿ, ಒತ್ತಿಟ್ಟು, ಒಣಗಿಸಿ ಕಳಿಸಿದರು. ಮೇಲೆ ಹೆಸರಿಲ್ಲ, ಏನಿಲ್ಲ. ಫೋಟೋ ಅಂಟಿಸುವುದು ಅಧ್ಯಕ್ಷರ ಹಕ್ಕಾಗಿತ್ತಲ್ಲ.

ಅದಕ್ಕೊಂದು ಸಮಾರಂಭ. ಶಾಮಿಯಾನ, ಹಾರ, ಕೇಸರಿಬಾತು. ಅಧ್ಯಕ್ಷರು ಪಂಚೆ ಮೇಲೆತ್ತಿ ಕಟ್ಟಿಕೊಂಡು, ಹುಣಸೆಬೀಜದ ಅಂಟನ್ನು ತಾವೇ ಹಚ್ಚಿ, ಪೇಟ ಸುತ್ತಿದ ಬಕ್ಕಪ್ಪನವರ ಫೋಟೋವನ್ನು ಪ್ರತಿ ಪುಸ್ತಕದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದರು. ಕನ್ನಡದವರಿಗೆ ಪುಸ್ತಕದ ಮುಂಭಾಗ ಎಂದರೆ ಯಾವುದೋ ಆ ಭಾಗಕ್ಕೇ ಅಂಟಿಸಿದರು. ತೆರೆದು ನೋಡುವ ಅಭ್ಯಾಸ ಅವರಿಗೆ ಮೊದಲೇ ಇರಲಿಲ್ಲ. ಮರುದಿನ ಹನುಮಂತಪ್ಪ ಬಂದು, ಫೋಟೋಕ್ಕೆ ಕೈಮುಗಿದು, ಮೊದಲನೇ ಪುಟ ತೆರೆದವನು ನನ್ನ ಕಡೆ ತಿರುಗಿ, "ಅಕ್ಕಾರ, ಸರದಾರ ಸತ್ತೇ ಹೋಗ್ಯಾನಲ್ರಿ, ಇನ್ನೂ ನಾನು ಕುಂತೇ ಇಲ್ಲ" ಎಂದ.

ನೋಡಿದೆ. ಎಲ್ಲ ಪುಸ್ತಕಗಳೂ ಹಾಗೇ. ಫೋಟೋ ಇದ್ದ ರಟ್ಟನ್ನು ತೆರೆದರೆ ಕಥೆಯ ಕೊನೆಯ ಪುಟ, ಅದನ್ನು ಮಗುಚಿದರೆ ಅದರ ಹಿಂದಿನದು, ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ಆರಂಭದಲ್ಲಿ ಮುಗಿಯುತ್ತಿತ್ತು. ಅಧ್ಯಕ್ಷರ ಅಂಗಡಿಗೆ ಓಡಿ ವಿಷಯ ಹೇಳಿದೆ. ಪುಸ್ತಕವನ್ನು ಆ ಕಡೆ ತಿರುಗಿಸಿಕೊಂಡು ಬಲದಿಂದ ಓದಿದರಾಯಿತು, ಓದುಗರಿಗೆ ಹಾಗೆಂದು ಹೇಳಲೇ ಎಂದೆ.

"ಅಂದ್ರೆ ನಮ್ಮ ತಂದೆಯವರು ಹಿಂದಕ್ಕೆ ಹೋಗ್ತಾರೆ" ಎಂದರು.

"ಫೋಟೋ ಅಷ್ಟೇ ಸರ್ ಹಿಂದಕ್ಕೆ ಹೋಗೋದು."

"ಗಿರಿಜಮ್ಮಾರ, ನಮ್ಮ ತಂದೆಯವರು ಎಲ್ಲಿರ್ತಾರೋ ಅದೇ ಮುಂದು. ಕಥಿ ಬೇಕಾದ್ರೆ ಹಿಂದಕ್ಕೆ ಹೋಗ್ಲಿ."

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ದಿನ ನನ್ನ ಕೋಣೆಗೆ ಬಂದವರು, ಓದುಗರು ಪುಸ್ತಕ ತೆರೆದಾಗ ಫೋಟೋ ಇದ್ದ ರಟ್ಟು ಮೇಜಿಗೆ ಬೋರಲಾಗುವುದನ್ನು ಕಂಡು ನೊಂದುಕೊಂಡರು. ಗೋಡೆಗೆ ಬೋರ್ಡು ಬಂತು: 'ಹಿರಿಯರ ಭಾವಚಿತ್ರವನ್ನು ಮೇಜಿಗೆ ತಾಗಿಸಬಾರದು. ಪುಸ್ತಕವನ್ನು ಎತ್ತಿ ಹಿಡಿದು ಓದತಕ್ಕದ್ದು.' ಅಂದಿನಿಂದ ಎಲ್ಲರೂ ಪುಸ್ತಕವನ್ನು ಮುಖದೆತ್ತರಕ್ಕೆ ಹಿಡಿದು ಓದತೊಡಗಿದರು. ನಾನು ಬಾಗಿಲಲ್ಲಿ ನಿಂತು ನೋಡಿದರೆ ಒಬ್ಬ ಓದುಗರ ಮುಖವೂ ಕಾಣುತ್ತಿರಲಿಲ್ಲ. ಲಂಗದ ಮೇಲೆ ಬಕ್ಕಪ್ಪನವರು, ಸೀರೆಯ ಮೇಲೆ ಬಕ್ಕಪ್ಪನವರು, ಚಡ್ಡಿಯ ಮೇಲೆ ಬಕ್ಕಪ್ಪನವರು. ಹನುಮಂತಪ್ಪನ ಪುಸ್ತಕದಲ್ಲಿ ಬಕ್ಕಪ್ಪನವರ ಗದ್ದದ ಕೆಳಗಿನಿಂದ ಅವನ ಮೀಸೆಯ ತುದಿ ಮಾತ್ರ ಇಣುಕುತ್ತಿತ್ತು. ಮೊದಲ ದಿನ ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಓದುವವರು ಕಡಿಮೆಯಾಗುತ್ತಾರೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಕೊನೆಯಿಂದ ಓದುವುದು ಜನಕ್ಕೆ ಹಿಡಿಸಿಬಿಟ್ಟಿತು. ಕಥೆ ಹೀಗೆ ಹೋದರೆ ಕೆಟ್ಟದ್ದೆಲ್ಲ ಮೊದಲೇ ಆಗಿ ಮುಗಿದಿರುತ್ತದೆ, ಪುಟ ಮಗುಚಿದಂತೆಲ್ಲ ಒಳ್ಳೆಯದೇ ಆಗುತ್ತ ಹೋಗುತ್ತದೆ. ಕಳ್ಳ ಒಡವೆಯನ್ನು ತಂದು ಪೆಟ್ಟಿಗೆಯಲ್ಲಿಟ್ಟು, ಬೀಗ ಸರಿಮಾಡಿ, ಗೋಡೆ ಹಾರಿ ಹೋಗುತ್ತಾನೆ. ಸುಟ್ಟ ಊರು ಎದ್ದು ನಿಲ್ಲುತ್ತದೆ. ಯುದ್ಧವಾದ ಮೇಲೆ ರಾಜರಿಬ್ಬರೂ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಗಿರಣಿಯವರು ಪಾಳಿ ಮುಗಿಸಿ ಗುಂಪಾಗಿ ಬಂದು, ನನ್ನ ವಿಭಾಗದಲ್ಲಿ ಬಾಲರಿಗೂ ಮಹಿಳೆಯರಿಗೂ ಜಾಗ ಇಲ್ಲದಂತಾಯಿತು. ಬಡಾವಣೆಯ ಆ ಹೆಣ್ಣುಮಗಳಿಗೆ ಮಾತ್ರ ಪತ್ತೇದಾರಿ ರುಚಿಸಲಿಲ್ಲ. "ಕೊಲೆಗಾರ ಯಾರು ಅಂತ ಮೊದ್ಲೇ ಗೊತ್ತಾಗುತ್ತೆ. ಆಮೇಲೆ ಯಾರನ್ನ ಕೊಂದ ಅಂತ ಹುಡುಕಬೇಕು" ಎಂದು ಗೊಣಗಿದಳು. ಆದರೂ ಹುಡುಕಿದಳು, ಬಿಡಲಿಲ್ಲ.

ಜನರು ಅತಿ ಹೆಚ್ಚು ಕೇಳುತ್ತಿದ್ದದ್ದು 'ಸಿಡಿಲುಗುಡ್ಡದ ಸರದಾರ'. ಮುದುಕ ಸರದಾರ ಯುದ್ಧದಲ್ಲಿ ಸತ್ತು ಬಿದ್ದಿದ್ದಾನೆ, ಜಗಳವಾಡಿ ಮನೆ ಬಿಟ್ಟಿದ್ದ ಮಗ ತಡವಾಗಿ ಬಂದು ಅಳುತ್ತಿದ್ದಾನೆ. ಅದು ನಮ್ಮ ಮೊದಲ ಪುಟ. ಆಮೇಲೆ ಸರದಾರ ಎದ್ದು ಕುದುರೆ ಹತ್ತುತ್ತಾನೆ, ಜಗಳ ಬಿಚ್ಚಿಕೊಳ್ಳುತ್ತದೆ, ಮಗ ಚಿಕ್ಕವನಾಗುತ್ತ ಹೋಗುತ್ತಾನೆ.

ಹೀಗೆ ಮಜವಾಗಿ ನಡೆಯುತ್ತಿರುವಾಗ ಚಿತ್ರದುರ್ಗದಿಂದ ಅನುದಾನದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಆಗ ನಮಗೆ ಜಿಲ್ಲಾಕೇಂದ್ರ ಅದೇ. ಗಂಟುಮುಖದ ಮನುಷ್ಯ, ಕಂಕುಳಲ್ಲಿ ಫೈಲು. ಬಾಗಿಲಿಗೆ ಬಂದವರು ಸಾಲಾಗಿ ಕೂತ ಬಕ್ಕಪ್ಪನವರನ್ನು ನೋಡಿ ಒಂದು ಹೆಜ್ಜೆ ಹಿಂದಿಟ್ಟರು.

"ಇವರೆಲ್ಲ ಯಾರು?"

"ನಮ್ಮ ತಂದೆಯವರು" ಎಂದರು ಜೊತೆಗಿದ್ದ ಅಧ್ಯಕ್ಷರು.

ಅಧಿಕಾರಿ ಒಬ್ಬ ಬಕ್ಕಪ್ಪನವರನ್ನು ಕೆಳಗಿಳಿಸಿದರು. ಹಿಂದೆ ಹನುಮಂತಪ್ಪ ಇದ್ದ. ಬಾಲನೋ ಮಹಿಳೆಯೋ ಎಂದು ಅವನನ್ನು ನೋಡಿದರು. ಮಗಳಿಗೆ ನೋಡುತ್ತಿದ್ದೇನೆ ಎಂದ. ಪುಸ್ತಕ ಕಸಿದು ತೆರೆದರು. ಹಾಳೆ ಮಗುಚಿದರು, ಮತ್ತೆ ಹಿಂದಕ್ಕೆ ಬಂದರು, ಹುಬ್ಬು ಗಂಟಿಕ್ಕಿದರು.

"ಇದು ಉಲ್ಟಾ ಇದೆ."

"ಇಲ್ಲ ಸಾಹೇಬ್ರ, ಸರಿಯಾಗೈತೆ" ಎಂದ ಹನುಮಂತಪ್ಪ. "ಮೊದ್ಲು ಸರದಾರ ಸತ್ತಿರ್ತಾನೆ. ಆಮ್ಯಾಲೆ ಎದಿಗೆ ನಟ್ಟ ಬಾಣ ವಾಪಸ್ ವೈರಿ ಬಿಲ್ಲಿಗೆ ಹೋಗ್ತೈತೆ. ವೈರಿ ಅದನ್ನ ಬತ್ತಳಿಕೆಗೆ ಇಟ್ಕಂಡು ಮನಿಗೆ ಹೋಗ್ತಾನೆ. ಒಳ್ಳೆ ಮನುಷ್ಯ."

"ಬಾಣ ಹಿಂದಕ್ಕೆ ಹೋಗುತ್ತದೆಯೇ?"

"ಇಲ್ಲಿ ಹೋಗ್ತೈತ್ರಿ."

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತರು. ವೈರಿ ಮನೆಗೆ ಹೋದ ಮೇಲೆ ಏನಾಯಿತು ಎಂದು ಕೇಳಿದರು. ಹನುಮಂತಪ್ಪ ಹೇಳಿದ. ಆಮೇಲೆ ಎಂದರು, ಅದನ್ನೂ ಹೇಳಿದ. ಚಿತ್ರದುರ್ಗದ ಬಸ್ಸು ಹೋದದ್ದು ಅವರಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಆ ಸಿಟ್ಟೆಲ್ಲ ನಮ್ಮ ಮೇಲೆ ಬಂತು. ಪುಸ್ತಕಗಳನ್ನು ಬಿಚ್ಚಿ, ಮಾಮೂಲಿನಂತೆ ಮೊದಲಿನಿಂದ ಓದುವ ಹಾಗೆ ಕಟ್ಟಿಸಬೇಕು, ಇಲ್ಲವಾದರೆ ಈ ವಿಭಾಗಕ್ಕೆ ಅನುದಾನ ಇಲ್ಲ ಎಂದು ಎದ್ದು ಹೋದರು.

ಬಿಚ್ಚಿ ಕಟ್ಟಬೇಕೆಂದರೆ ರಟ್ಟು ಹರಿಯಬೇಕು. ರಟ್ಟು ಹರಿದರೆ ಫೋಟೋ ಹರಿಯುತ್ತದೆ. ಅಧ್ಯಕ್ಷರು ಒಂದೇ ಮಾತು ಹೇಳಿದರು: "ನಮ್ಮ ತಂದೆಯವರ ಮ್ಯಾಲೆ ಬ್ಲೇಡು ಆಡಿಸಂಗಿಲ್ಲ. ವಿಭಾಗ ಮುಚ್ಚಿಬಿಡ್ರಿ." ಸಮಿತಿಯವರು ಹೂಂ ಎಂದರು. ಹೂಂ ಎನ್ನುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದರೆ, ತಮ್ಮನನ್ನು ಓದು ಬಿಡಿಸಿ ಗ್ಯಾರೇಜಿಗೆ ಹಾಕೋಣ ಎಂದಳು. ಅವನು ಮೂಲೆಯಲ್ಲಿ ಕೂತು ಡ್ರಾಯಿಂಗ್ ಹಾಕುತ್ತಿದ್ದವನು ತಲೆ ಎತ್ತಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಫೋಟೋ ಹರಿಯದಂತೆ ಬಿಡಿಸಲು ಬರುತ್ತದೋ ನೋಡೋಣ ಎಂದು ಒಂದು ಪುಸ್ತಕ ಚೀಲದಲ್ಲಿಟ್ಟುಕೊಂಡು ಹರಿಹರಕ್ಕೆ ಹೋದೆ. ಖಲೀಲ್ ಸಾಹೇಬರ ಮನೆ ಹೊಳೆಯ ಕಡೆಯ ಓಣಿಯಲ್ಲಿ. ಬಿಬಿಜಾನಮ್ಮ ಚಾ ಕೊಟ್ಟು, ಏನು ಸಮಾಚಾರ ಎಂದು ವಿಚಾರಿಸಿದರು. ದಾವಣಗೆರೆಯಲ್ಲಿ ನಾವೆಲ್ಲ ಕೊನೆಯಿಂದ ಓದುತ್ತಿದ್ದೇವೆ ಎಂದೆ. ಆಕೆ ಸೆರಗು ಬಾಯಿಗೆ ಹಿಡಿದು ನನ್ನನ್ನೇ ನೋಡಿದರು.

"ಎಲ್ಲರೂನಾ?"

"ಎಲ್ಲರೂ."

"ನಾನು ಸೀದಾನೇ ಇಟ್ಟಿದ್ದೆ ಬೇಟಿ. ಉಲ್ಟಾ ಓದೋದಾದ್ರೆ ಒಂದು ಮಾತು ಹೇಳಿ ಕಳಿಸ್ಬಾರದಾ? ಉಲ್ಟಾನೇ ಇಡ್ತಿದ್ದೆ" ಎಂದರು.

ಖಲೀಲ್ ಸಾಹೇಬರು ಚಾ ಕೆಟಲಿನ ಹಬೆಗೆ ಫೋಟೋ ಹಿಡಿದು, ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಿದರು. ಪೇಟ ಬಂತು, ಹಣೆ ಬಂತು, ಮೂಗಿನ ಹತ್ತಿರ ಬಂದಾಗ ಮೂಗು ರಟ್ಟಿನಲ್ಲೇ ಉಳಿಯಿತು. ಅಧ್ಯಕ್ಷರು ಅಷ್ಟು ಒತ್ತಿ ಅಂಟಿಸಿದ್ದರು. ಅಯ್ಯೋ ಎಂದೆ. "ಹೆದರಬ್ಯಾಡ್ರಿ, ಮೂಗೇ ಅಲ್ವಾ" ಎಂದು ಅವರು ಮತ್ತೆ ಅಂಟಿಸಿ, ಕಪ್ಪು ಶಾಯಿಯಲ್ಲಿ ಹೊಸ ಮೂಗು ಬರೆದರು. ಶಾಯಿ ಹರಿದು ಅದು ಮೀಸೆಯವರೆಗೆ ಇಳಿಯಿತು. ಮೀಸೆ ಸರಿಮಾಡಲು ಹೋಗಿ ಗಡ್ಡ ಬಂತು. ಬಿಬಿಜಾನಮ್ಮ ಇಣುಕಿ ನೋಡಿ, "ಇದು ನಮ್ಮ ಮಾಮು ಆಯ್ತಲ್ಲ" ಎಂದರು. ಆ ಪುಸ್ತಕವನ್ನು ಅಲ್ಲೇ ಬಿಟ್ಟು ಬಂದೆ. ಅದು ಅವರ ಮನೆಯಲ್ಲೇ ಉಳಿದು, ಓಣಿಯ ಹೆಂಗಸರೆಲ್ಲ ಸೀದಾ ಓದಿಕೊಂಡರಂತೆ. ಬರುವಾಗ ಬಸ್ಸಿನಲ್ಲಿ ನನಗೆ ನಗು ಬರುತ್ತಿತ್ತು, ಹಿಂದೆಯೇ ಅಳು ಬರುತ್ತಿತ್ತು. ಪಕ್ಕದಲ್ಲಿದ್ದ ಮುದುಕಿ, ಉಕ್ಕಡಗಾತ್ರಿಗೆ ಹೋಗಿ ಬಾ ತಾಯಿ, ಅಲ್ಲಿ ಎಂಥ ಗಾಳಿ ಹಿಡಿದಿದ್ದರೂ ಬಿಡಿಸ್ತಾರೆ, ಎಲ್ಲ ಸರಿಹೋಗುತ್ತೆ ಎಂದಳು.

ಮುಚ್ಚುವ ದಿನ ಮಧ್ಯಾಹ್ನ ಅಧ್ಯಕ್ಷರು ಹೊಸ ಬೀಗ ತೆಗೆದುಕೊಂಡು ತಾವೇ ಬಂದರು. ಯಾರೂ ಇರಲಿಲ್ಲ. ನಾನು ಕಿಟಕಿ ಹಾಕುತ್ತಿದ್ದೆ. ಅವರು ಕಪಾಟಿನ ಮುಂದೆ ನಿಂತು ಪುಸ್ತಕಗಳ ಬೆನ್ನು ನೋಡುತ್ತ, "ಇವನ್ನೆಲ್ಲ ನಮ್ಮ ಮನಿ ಅಟ್ಟಕ್ಕೆ ಸಾಗಿಸ್ತೀನಿ. ನಿಮ್ಮದು ಈ ತಿಂಗಳದ್ದು ಮುನೀಮರ ಹತ್ರ ತಗಂಡು ಹೋಗ್ರಿ" ಎಂದರು.

ನನಗೆ ಸಿಟ್ಟು ಬಂತು. ಹೇಗೂ ಕೆಲಸ ಹೋಗಿತ್ತು, ಇನ್ನು ಯಾರಿಗೆ ಹೆದರಬೇಕು? "ಸರ್, ಇಷ್ಟು ದಿನ ಇವನ್ನ ಕಟ್ಟಿಸಿದ್ರಿ, ಅಂಟಿಸಿದ್ರಿ, ಎತ್ತಿ ಹಿಡೀರಿ ಅಂದ್ರಿ. ಒಂದಾದ್ರೂ ತೆರೆದು ನೋಡಿದ್ರೇನು?" ಎಂದೆ.

ಗದರುತ್ತಾರೆ ಎಂದುಕೊಂಡಿದ್ದೆ. ಗದರಲಿಲ್ಲ. "ನಾನು ಓದಿದೋನಲ್ಲಮ್ಮ" ಎಂದರು. "ಹಾಲುಹಲ್ಲು ಬೀಳೋ ಹೊತ್ತಿಗೆ ನಮ್ಮಪ್ಪ ಗಾದಿ ಮ್ಯಾಲೆ ಕೂರಿಸಿಬಿಟ್ರು. ಪಟದ ಪುಸ್ತಕ ಹಿಡಿಯಾಕೆ ಯಾರು ಬಿಟ್ರು?" ಹಾಗೆನ್ನುತ್ತ ಒಂದು ಪುಸ್ತಕದ ಮೇಲೆ ಬೆರಳಿಟ್ಟರು, ಹೊರಗೆ ಎಳೆಯಲಿಲ್ಲ, ಬೆರಳನ್ನೂ ತೆಗೆಯಲಿಲ್ಲ.

ಆ ಕೈ ನೋಡಿದ ಮೇಲೆ ಏನು ಕೊಡಬೇಕೆಂದು ನನಗೆ ಗೊತ್ತಾಗಿಹೋಯಿತು. ಆದರೆ ಹೆದರಿಕೆಯಾಯಿತು. ಮೊದಲ ಪುಟದಲ್ಲೇ ಸತ್ತ ಅಪ್ಪ, ತಡವಾಗಿ ಬಂದ ಮಗ. ಬೇಕೆಂದೇ ಚುಚ್ಚುತ್ತಿದ್ದಾಳೆ ಎಂದುಕೊಂಡರೆ? ಬೇರೆ ಯಾವುದಾದರೂ ರಾಕ್ಷಸನ ಕಥೆ ಕೊಟ್ಟು ಕಳಿಸಬಹುದಿತ್ತು. ಕೊಡಲು ಮನಸ್ಸು ಬರಲಿಲ್ಲ. 'ಸಿಡಿಲುಗುಡ್ಡದ ಸರದಾರ' ತೆಗೆದು ಕೈಗಿಟ್ಟೆ.

ಅವರು ಮೋಟು ಬೆಂಚಿನ ಮೇಲೆ ಕೂತರು. ತಮ್ಮದೇ ಬೋರ್ಡನ್ನು ಒಮ್ಮೆ ನೋಡಿ, ಪುಸ್ತಕವನ್ನು ಮುಖದೆತ್ತರಕ್ಕೆ ಎತ್ತಿ ಹಿಡಿದರು. ಮೊದಲ ಪುಟದಲ್ಲಿ ಬಹಳ ಹೊತ್ತು ನಿಂತರು. ಎದ್ದು ಹೋಗುತ್ತಾರೆ ಎಂದು ನಾನು ಕಾದೆ. ಆಮೇಲೆ ಹಾಳೆ ಮಗುಚಿದ ಸದ್ದು ಬಂತು. ಮತ್ತೊಂದು. ಮತ್ತೊಂದು. ಒಳಗೆ ಏನಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಸರದಾರ ಎದ್ದಿರುತ್ತಾನೆ, ಬಾಣ ವಾಪಸ್ ಹೋಗಿರುತ್ತದೆ, ಅಪ್ಪ ಮಗ ಅಂಗಳದಲ್ಲಿ ನಿಂತು ಕೂಗಾಡಿ, ಕೂಗಾಟ ಇಳಿದು, ಒಂದೇ ತಟ್ಟೆಯಲ್ಲಿ ಉಣ್ಣುತ್ತಿರುತ್ತಾರೆ. ಆದರೆ ಓದುತ್ತಿದ್ದವರ ಮುಖ ನನಗೆ ಕಾಣುತ್ತಿರಲಿಲ್ಲ. ನನ್ನ ಕಡೆ ನೋಡುತ್ತಿದ್ದದ್ದು ಪೇಟದ ಬಕ್ಕಪ್ಪನವರೇ. ಒಮ್ಮೆ ಆ ಫೋಟೋ ಅಲುಗಾಡಿತು, ಮತ್ತೆ ಅಲುಗಾಡಿತು. ಪುಸ್ತಕದ ಹಿಂದಿನಿಂದ ಮೂಗು ಎಳೆದುಕೊಂಡ ಸದ್ದು ಕೇಳಿತು. ನಾನು ಗೋಡೆಯ ಕಡೆ ತಿರುಗಿ ಕಿಟಕಿಯ ಅಗಳಿ ಸರಿಮಾಡುತ್ತಿರುವಂತೆ ನಿಂತೆ. ನನಗೂ ನಮ್ಮಪ್ಪ ನೆನಪಾಗಿದ್ದರು.

ಕೊನೆಗೆ ಪುಸ್ತಕ ಇಳಿಸಿದರು. ಶಲ್ಯದಿಂದ ಮುಖ ಒರೆಸಿಕೊಂಡರು.

"ಹೆಗಲ ಮ್ಯಾಲೆ ಕೂರಿಸ್ಕಂಡಾನೆ" ಎಂದರು. "ಅಷ್ಟಾಗೀನೂ, ಕೊನಿಗೆ ಮಗನ್ನ ಹೆಗಲ ಮ್ಯಾಲೆ ಕೂರಿಸ್ಕಂಡು ಗುಡ್ಡ ತೋರಿಸ್ತಾನೆ."

"ಹೌದು ಸರ್."

"ಸರಿ ಮಾಡಿ ಕಟ್ಟಿದ್ರೆ ಇದು ಮೊದ್ಲಿಗೆ ಹೋಗ್ತೈತಲ್ಲ? ಕೊನಿಗೆ ಬರೀ ಸಾಯೋದು ಉಳಿತೈತೆ."

ಹೌದು ಎಂದೆ. ಅವರು ಎದ್ದು ಪುಸ್ತಕವನ್ನು ತಾವೇ ಕಪಾಟಿನಲ್ಲಿಟ್ಟರು. ಆಮೇಲೆ, "ಆ ಸಾಹೇಬ್ರಿಗೆ ಅವರ ಅನುದಾನ ಬ್ಯಾಡ ಅಂತ ಬರೀರಿ. ನಿಮ್ಮ ಸಂಬಳ ಅಂಗಡಿಯಿಂದ ಬರ್ತೈತೆ. ಇವನ್ನ ಯಾರೂ ಸರಿ ಮಾಡಂಗಿಲ್ಲ" ಎಂದರು. ಹಾಕಿದ್ದ ಕಿಟಕಿಯನ್ನು ಮತ್ತೆ ತೆಗೆದೆ. ತಮ್ಮ ಡ್ರಾಯಿಂಗ್ ಹಾಕುತ್ತ ಕೂತದ್ದು ಕಣ್ಣಿಗೆ ಕಟ್ಟಿತು.

ಬೀಗ ಜೇಬಿಗೆ ಹಾಕಿಕೊಂಡು ಬಾಗಿಲವರೆಗೆ ಹೋದವರು ನಿಂತರು. ನನ್ನ ಕಡೆ ತಿರುಗಲಿಲ್ಲ.

"ನಾಳಿ ಎಷ್ಟೊತ್ತಿಗೆ ತೆಗಿತೀರಿ?"

"ಒಂಬತ್ತಕ್ಕೆ ಸರ್."

"ಅಷ್ಟೊತ್ತಿಗೆ ನನಗೆ ಅಂಗಡಿ ಇರ್ತೈತೆ. ಸ್ವಲ್ಪ ಮುಂಚೇನ ತೆಗೀರಿ."

ಮರುದಿನ ಬೇಗ ಎದ್ದು, ಅವ್ವ ಕೊಟ್ಟ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಓಡಿದೆ. ನಾನು ಹೋಗುವಷ್ಟರಲ್ಲಿ ಅವರು ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿದ್ದರು.